ನೀರಿನ ಬಾಟಲಿಯಲ್ಲಿ ಪೆಟ್ರೋಲು: ಈ ರೂಢಿ ನಮ್ಮ ಮನೆಗಳಿಂದ ಹೋಗಲಿ



ನಮ್ಮ ಊರುಗಳಲ್ಲಿ ಪೆಟ್ರೋಲು ಈಗ ಬೈಕಿಗೆ ಮಾತ್ರ ಅಲ್ಲ. ಮಂಜೇಶ್ವರ, ಕುಂಬಳೆ ಕಡೆಯ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್ನಿಗೆ ಬೇಕು. ಜತ್ತ, ಸೊಲ್ಲಾಪುರ ಕಡೆ ದ್ರಾಕ್ಷಿ, ದಾಳಿಂಬೆಗೆ ಔಷಧ ಹೊಡೆಯುವ ಪಂಪಿಗೆ ಬೇಕು. ಆದೋನಿಯ ಹತ್ತಿ ಹೊಲಕ್ಕೂ ಬೇಕು. ತಾಳವಾಡಿಯಲ್ಲಿ ಕರೆಂಟು ಹೋದರೆ ಜನರೇಟರಿಗೂ ಬೇಕು. ಎಷ್ಟೋ ಹಳ್ಳಿಗಳಿಗೆ ಬಂಕು ದೂರ. ಮೇಲಿಂದ ಗಡಿಯ ಆಚೆ ಒಂದು ತೆರಿಗೆ, ಈಚೆ ಇನ್ನೊಂದು; ದರವೂ ಬೇರೆ ಬೇರೆ. ಅಗ್ಗ ಸಿಗುವ ಕಡೆ ಹೋದವರು ಒಂದು ಕ್ಯಾನು ಜಾಸ್ತಿ ತುಂಬಿಸಿಕೊಂಡೇ ಬರುತ್ತಾರೆ.

ತಂದದ್ದು ಎಲ್ಲಿ ಸೇರುತ್ತೆ? ನೀರಿನ ಖಾಲಿ ಬಾಟಲಿಗೆ, ಇಲ್ಲವೇ ಜ್ಯೂಸಿನ ಬಾಟಲಿಗೆ. ಅದು ಅಡುಗೆಮನೆಯ ಹಿಂದಿನ ಮೂಲೆಯಲ್ಲಿ, ಮಂಚದ ಕೆಳಗೆ, ಸೌದೆ ಒಟ್ಟಿದ ಜಾಗದಲ್ಲಿ ಕೂತಿರುತ್ತೆ. ಟು ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸಿಟ್ಟ ಪೆಟ್ರೋಲಿನ ಬಣ್ಣ ನೋಡಿದರೆ ಮಗು ಶರಬತ್ತು ಅಂದುಕೊಂಡರೆ ತಪ್ಪು ಮಗುವಿನದಲ್ಲ.

ಪೆಟ್ರೋಲ್ ಮನೆಗೆ ತರಲೇಬೇಡಿ ಅಂತ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ, ಕೇಳುವಂತೆಯೂ ಇಲ್ಲ. ಕೆಲಸ ನಡೆಯಬೇಕಲ್ಲ. ಆದ್ದರಿಂದ ನಮ್ಮ ಮಾತು ಇಷ್ಟೇ: ತನ್ನಿ, ಆದರೆ ಅದು ಏನು ಅನ್ನುವುದನ್ನು ತಿಳಿದು ತನ್ನಿ.

ಉರಿಯುವುದು ದ್ರವ ಅಲ್ಲ, ಅದರ ಆವಿ. ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಪೆಟ್ರೋಲು ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತೆ. ಅಂದಮೇಲೆ ಊಟಿಯ ಚಳಿಗೂ ಅದು ಸುಮ್ಮನಿರುವುದಿಲ್ಲ, ರಾಯದುರ್ಗದ ಬಿಸಿಲಿನ ಮಾತು ಬಿಡಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ. ನೆಲ ಹಿಡಿದು ಹರಿಯುತ್ತೆ, ಮೂಲೆಯಲ್ಲಿ, ಗುಂಡಿಯಲ್ಲಿ, ಚರಂಡಿಯಲ್ಲಿ ನಿಲ್ಲುತ್ತೆ. ಹಿಂದಿನ ಮೂಲೆಯ ಬಾಟಲಿಯ ಮುಚ್ಚಳ ಸಡಿಲ ಇದ್ದರೆ ಬಚ್ಚಲೊಲೆಯ ಬೆಂಕಿಗೆ ದಾರಿ ತಾನೇ ಹುಡುಕಿಕೊಳ್ಳುತ್ತೆ.

ಇದಕ್ಕೆ ದೊಡ್ಡ ಸಾಕ್ಷಿ ಪಾಕಿಸ್ತಾನದ ಬಹಾವಲ್‌ಪುರ ಬಳಿ 2017ರ ಜೂನ್ 25ರಂದು ಆದದ್ದು. ಹೆದ್ದಾರಿಯಲ್ಲಿ ಇಂಧನದ ಟ್ಯಾಂಕರ್ ಉರುಳಿತು. ಸೋರಿದ್ದನ್ನು ತುಂಬಿಕೊಳ್ಳಲು ಊರವರು ಕ್ಯಾನು, ಬಿಂದಿಗೆ ಹಿಡಿದು ಓಡಿದರು. ಬೆಂಕಿ ಹೊತ್ತಿ 200ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಾಸರಗೋಡಿನ ನಡುವೆಯೂ ಹೆದ್ದಾರಿ ಇದೆ, ಹೊಸೂರಿನ ಮೇಲೂ ಇದೆ, ಟ್ಯಾಂಕರುಗಳು ಹಗಲೂ ರಾತ್ರಿ ಓಡುತ್ತವೆ. ಟ್ಯಾಂಕರ್ ಬಿದ್ದ ಕಡೆ ಪುಕ್ಕಟೆ ಪೆಟ್ರೋಲಿಗೂ ಹೋಗಬೇಡಿ, ವಿಡಿಯೋ ಮಾಡಲೂ ಹೋಗಬೇಡಿ. ಗಾಳಿ ಬೀಸುವ ದಿಕ್ಕಿಗೆ ನಿಲ್ಲದೆ, ತಗ್ಗಿನಲ್ಲಿ ನಿಲ್ಲದೆ ದೂರ ಸರಿಯಿರಿ, ಉಳಿದವರನ್ನೂ ತಡೆಯಿರಿ.

ಕಾನೂನು ಏನು ಹೇಳುತ್ತೆ? 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಬಿಗಿ ಮುಚ್ಚಳ ಇರಬೇಕು. ಗಾಜು, ಪಿಂಗಾಣಿಯದಾದರೆ 1 ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಯ ಹೆಸರಿಲ್ಲ. ಗೂಡಂಗಡಿಯ ಮುಂದೆ ಸಾಲಾಗಿ ನೇತುಹಾಕಿ ಮಾರುವುದಕ್ಕೆ ಈ ವಿನಾಯಿತಿಯೂ ಇಲ್ಲ. ರೈಲಿನಲ್ಲಿ ಒಯ್ಯುವ ಯೋಚನೆಯೇ ಬೇಡ. ಆದೋನಿಯಿಂದ ರಾಯಚೂರಿಗೇ ಇರಲಿ, ಕಾಸರಗೋಡಿನಿಂದ ಮಂಗಳೂರಿಗೇ ಇರಲಿ, 1989ರ ರೈಲ್ವೆ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದ ತನಕ ಜೈಲು ಇದೆ.

ಈಗ ಕೈಯಲ್ಲಿ ಹಿಡಿಯುವಾಗಿನ ಮಾತು.

ಬಂಕಿನಲ್ಲಿ ಕ್ಯಾನನ್ನು ಬೈಕಿನ ಮೇಲೆ, ಪಿಕಪ್ಪಿನ ಮೇಲೆ ಇಟ್ಟು ತುಂಬಿಸಬೇಡಿ. ನೆಲದ ಮೇಲಿಟ್ಟೇ ತುಂಬಿಸಿ. ಇಲ್ಲದಿದ್ದರೆ ಕ್ಯಾನಿನಲ್ಲಿ ಸೇರಿದ ಸ್ಥಿರ ವಿದ್ಯುತ್ತು ನೆಲಕ್ಕಿಳಿಯದೆ ಕಿಡಿಯಾಗಬಹುದು. ಕಂಠಮಟ್ಟ ತುಂಬಿಸಬೇಡಿ, ಬಿಸಿಲಿಗೆ ಹಿಗ್ಗಲು ಸ್ವಲ್ಪ ಜಾಗ ಇರಲಿ.

ತೋಟದಲ್ಲಿ ಮೆಷಿನ್ನು ಓಡಿ ಕಾದಿರುವಾಗಲೇ ಟ್ಯಾಂಕಿಗೆ ಸುರಿಯಬೇಡಿ. ಎಂಜಿನ್ ಆಫ್ ಮಾಡಿ, ಬೆನ್ನಿನಿಂದ ಇಳಿಸಿ, ಹತ್ತು ನಿಮಿಷ ಆರಲಿ. ಆ ಹತ್ತು ನಿಮಿಷದಲ್ಲಿ ಚಹಾ ಕುಡಿಯಿರಿ, ಬೀಡಿ ಮಾತ್ರ ಬೇಡ. ಚೆಲ್ಲಿದ್ದನ್ನು ಒರೆಸಿ, ಸುರಿದ ಜಾಗದಿಂದ ಆಚೆ ಹೋಗಿ ಸ್ಟಾರ್ಟ್ ಮಾಡಿ. ಜನರೇಟರನ್ನು ಮನೆಯೊಳಗೆ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ.

ಮಳೆಗಾಲದಲ್ಲಿ ಹಸಿ ಸೌದೆಗೆ, ಕಸದ ಗುಡ್ಡೆಗೆ, ಕಣಜದ ಗೂಡಿಗೆ ಪೆಟ್ರೋಲು ಎರಚುವ ಚಾಳಿ ಬಿಡಿ. ಸೀಮೆಎಣ್ಣೆ ಸಿಗುತ್ತಿದ್ದ ಕಾಲದ ಅಭ್ಯಾಸ ಅದು. ಸೀಮೆಎಣ್ಣೆ ನಿಧಾನಕ್ಕೆ ಹೊತ್ತುತ್ತೆ. ಪೆಟ್ರೋಲು ಕಡ್ಡಿ ಗೀರುವ ಮೊದಲೇ ಆವಿಯಾಗಿ ನಿಮ್ಮ ಸುತ್ತ ನಿಂತಿರುತ್ತೆ.

ಇಷ್ಟೆಲ್ಲ ಮಾಡಿಯೂ ಏನಾದರೂ ಆದರೆ?

ಬಾಯಿಗೆ ಹೋದರೆ: ಪೈಪು ಬಾಯಿಗಿಟ್ಟು ಎಳೆಯುವವರಿಗೆ, ಬಾಟಲಿ ಎತ್ತಿ ಕುಡಿದ ಮಗುವಿಗೆ ಆಗುವುದು ಇದೇ. ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಯಾವುದೂ ಬೇಡ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಇಳಿದದ್ದು ಹೆಚ್ಚು ಅಪಾಯ, ವಾಂತಿ ಆಗುವಾಗ ಅದು ಇಳಿಯುವ ಸಾಧ್ಯತೆ ಜಾಸ್ತಿ. ಕೆಲವು ಹನಿ ಇಳಿದರೂ ನ್ಯುಮೋನಿಯಾದಂತೆ ಕಾಡುತ್ತೆ. ಬಾಯಿ ಮುಕ್ಕಳಿಸಿ, ಕೂರಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ತಾನಾಗಿ ವಾಂತಿ ಬಂದರೆ ತಲೆ ಮುಂದಕ್ಕೆ ಬಾಗಿಸಿ. "ಈಗ ಆರಾಮಾಗಿದ್ದಾನೆ" ಅಂತ ಮನೆಯಲ್ಲೇ ಉಳಿಸಬೇಡಿ. ಕೆಮ್ಮು, ಏದುಸಿರು ಕೆಲವು ಗಂಟೆ ಕಳೆದು ಶುರುವಾಗಬಹುದು. ಪೈಪಿನಿಂದ ತೆಗೆಯಲೇಬೇಕಾದರೆ ಕೈಯಲ್ಲಿ ಒತ್ತುವ ಪಂಪು ಬಳಸಿ.

ಕಣ್ಣಿಗೆ ಬಿದ್ದರೆ: ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ಶುದ್ಧ ನೀರು ಬಿಡುತ್ತಲೇ ಇರಿ. ಆಮೇಲೆ ಡಾಕ್ಟರಿಗೆ ತೋರಿಸಿ.

ಮೈಮೇಲೆ, ಬಟ್ಟೆ ಮೇಲೆ ಚೆಲ್ಲಿದರೆ: ಒಲೆ, ದೀಪದ ಹತ್ತಿರ ಸುಳಿಯಬೇಡಿ. ಬಟ್ಟೆಗೆ ನೀರು ಹಾಕಿಕೊಂಡು ಆಮೇಲೆ ಬಿಚ್ಚಿ, ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ. ಒದ್ದೆ ಬಟ್ಟೆಯಲ್ಲೇ ಕೆಲಸ ಮುಂದುವರಿಸಿದರೆ ಬೆಂಕಿ ಇಲ್ಲದೆಯೂ ಚರ್ಮ ಸುಟ್ಟಂತೆ ಸುಲಿಯುತ್ತೆ. ಗ್ರೀಸು ತೊಳೆಯಲು ಪೆಟ್ರೋಲಿನಲ್ಲಿ ಕೈ ಅದ್ದುವ ಗ್ಯಾರೇಜಿನ ಹುಡುಗರೂ ಇದನ್ನು ಓದಬೇಕು. ಪೆಟ್ರೋಲಿನಲ್ಲಿರುವ ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು.

ತಲೆ ತಿರುಗಿದರೆ, ವಾಕರಿಕೆ ಬಂದರೆ: ಆವಿ ಒಳಗೆ ಹೋಗಿದೆ ಅಂತಲೇ ಅರ್ಥ. ಕೂಡಲೇ ಬಯಲಿಗೆ ಬನ್ನಿ.

ಮೈಗೆ ಬೆಂಕಿ ಹತ್ತಿದರೆ: ಓಡಬಾರದು. ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಉರುಳಬೇಕು. ನೋಡುವವರು ಕಂಬಳಿ, ದಪ್ಪ ಹತ್ತಿ ಬಟ್ಟೆ ಹೊದಿಸಿ ಆರಿಸಬೇಕು. ನೈಲಾನ್, ಪಾಲಿಯೆಸ್ಟರ್ ಬೇಡ, ಕರಗಿ ಅಂಟುತ್ತೆ. ಬೆಂಕಿ ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ. ಬಳೆ, ಉಂಗುರ, ಉಡಿದಾರ ಊತ ಬರುವ ಮೊದಲೇ ತೆಗೆಯಿರಿ. ಅಂಟಿದ ಬಟ್ಟೆ ಕೀಳಬೇಡಿ, ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟು, ಇಂಕು, ಅರಿಶಿನ, ತುಪ್ಪ ಯಾವುದನ್ನೂ ಹಚ್ಚಬೇಡಿ. ಅಜ್ಜಿ ಹೇಳಿದರೂ ಬೇಡ. ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ, ಉಳಿದ ಮೈ ಬೆಚ್ಚಗಿಟ್ಟು ಆಸ್ಪತ್ರೆಗೆ ಒಯ್ಯಿರಿ.

ನೆಲದ ಮೇಲೆ ಉರಿಯುವ ಪೆಟ್ರೋಲಿಗೆ ಮಾತ್ರ ನೀರು ಎರಚಬೇಡಿ. ಅದು ನೀರಿಗಿಂತ ಹಗುರ, ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನೂ ಜೊತೆಗೆ ಒಯ್ಯುತ್ತೆ. ಮಣ್ಣು, ಮರಳು ಹಾಕಿ. ಬೆಂಕಿ ದೊಡ್ಡದಾದರೆ ಬಿಟ್ಟು ಹೊರಗೆ ಓಡಿ.

ಇನ್ನೊಂದು ಮಾತು ಗಡಿಯಲ್ಲಿರುವ ನಮಗೇ ಸೇರಿದ್ದು. ಆಂಬುಲೆನ್ಸಿಗೆ 108, ತುರ್ತಿಗೆ 112, ನಮ್ಮ ಎಲ್ಲ ರಾಜ್ಯಗಳಲ್ಲೂ ಇವೆ. ಆದರೆ ಯಾವ ಟವರು ಹಿಡಿಯುತ್ತೋ ಆ ರಾಜ್ಯದ ಕಂಟ್ರೋಲ್ ರೂಮಿಗೆ ಕರೆ ಹೋಗಬಹುದು. ಆದ್ದರಿಂದ ಮೊದಲು ರಾಜ್ಯ, ಆಮೇಲೆ ಜಿಲ್ಲೆ, ತಾಲೂಕು, ಊರು ಹೇಳಿ. "ಪೆಟ್ರೋಲ್" ಅನ್ನುವ ಪದ ಎಲ್ಲ ಭಾಷೆಗೂ ಒಂದೇ. ಕುಡಿದದ್ದೋ, ಸುಟ್ಟದ್ದೋ ಅನ್ನುವುದೇ ಬೇರೆ. ಮಲಯಾಳದಲ್ಲಿ "ಕುಡಿಚ್ಚು", "ಪೊಳ್ಳಿ". ತಮಿಳಿನಲ್ಲಿ "ಕುಡಿಚ್ಚಿಟ್ಟಾನ್", "ತೀಕ್ಕಾಯಂ". ತೆಲುಗಿನಲ್ಲಿ "ತಾಗಾಡು", "ಕಾಲಿಂದಿ". ಮರಾಠಿಯಲ್ಲಿ "ಪ್ಯಾಯ್ಲಾ", "ಭಾಜಲಂ". ಶಾಲೆಯಲ್ಲಿ ಕಲಿತ ನಿಮಗೆ ಇದು ಸುಲಭ. ಆದರೆ ಹಗಲು ಮನೆಯಲ್ಲಿ ಮಗುವಿನ ಜೊತೆ ಇರುವುದು ಅಜ್ಜಿ. ಅವರಿಗೆ ನಿಮ್ಮ ರಾಜ್ಯದ ಆ ಎರಡು ಪದ ಬಾಯಿಪಾಠ ಮಾಡಿಸಿ.

ಈ ಭಾನುವಾರ ಮೂರು ಕೆಲಸ ಮಾಡಿ. ಮನೆಯಲ್ಲಿ ಪೆಟ್ರೋಲಿರುವ ಬಾಟಲಿ ಎಲ್ಲೆಲ್ಲಿ ಇವೆ ಹುಡುಕಿ. ಒಂದು ಲೋಹದ ಕ್ಯಾನಿಗೆ ಬದಲಿಸಿ, ಮನೆಯಿಂದ ಹೊರಗೆ, ಬೀಗ ಇರುವ, ಗಾಳಿಯಾಡುವ ನೆರಳಿನ ಜಾಗದಲ್ಲಿಡಿ. ಅದರ ಮೇಲೆ "ಪೆಟ್ರೋಲ್, ವಿಷ, ಬೆಂಕಿ" ಅಂತ ಮನೆಯವರೆಲ್ಲ ಓದಬಲ್ಲ ಲಿಪಿಯಲ್ಲಿ ದಪ್ಪಗೆ ಬರೆಯಿರಿ: ಕನ್ನಡದಲ್ಲೂ, ಕೆಲಸಕ್ಕೆ ಬರುವವರ ಭಾಷೆಯಲ್ಲೂ. 108, 112 ಮತ್ತು ಊರಿನ ಪೂರ್ತಿ ವಿಳಾಸವನ್ನು ಗೋಡೆಗೆ ಅಂಟಿಸಿ.

ಖರ್ಚು ಒಂದು ಕ್ಯಾನಿನದು, ಒಂದು ಮಾರ್ಕರ್ ಪೆನ್ನಿನದು. ಅಗ್ಗದ ಪೆಟ್ರೋಲಿಗೆ ಗಡಿ ದಾಟಿ ಉಳಿಸಿದ ಹಣದಲ್ಲೇ ಅದು ಮುಗಿಯುತ್ತೆ.