ಕೌದಿಗೆ ಕೂಲಿ ಎಷ್ಟು?

‘ಕೈಯಿಂದ ಮಾಡಿದ್ದು’ ಅನ್ನೋ ಮಾತಿಗೆ ಈಗ ಎಲ್ಲಿಲ್ಲದ ಬೆಲೆ ಬಂದಿದೆ. ದೊಡ್ಡ ಊರಿನ ಅಂಗಡಿಯಲ್ಲಿ ಹಳೇ ಸೀರೆ ತುಂಡು ಜೋಡಿಸಿದ ಹೊದಿಕೆಗೆ ಸಾವಿರಗಟ್ಟಲೆ ರೂಪಾಯಿಯ ಚೀಟಿ ನೇತಾಡುತ್ತದೆ. ಅದೇ ಹೊದಿಕೆಯನ್ನು ಮನೆಯಲ್ಲಿ ಹೊಲಿದವಳಿಗೆ ಸಿಗೋದು ‘ನಮ್ಮನಿಯಾಕಿ ಕೈ ಭಾಳ ಚಲೋ’ ಅನ್ನೋ ಸರ್ಟಿಫಿಕೇಟು. ಅದನ್ನು ಹಿಡಕೊಂಡು ಕಿರಾಣಿ ಅಂಗಡಿಗೆ ಹೋದರೆ ಅರ್ಧ ಕೇಜಿ ಬೆಲ್ಲವೂ ಬರೋದಿಲ್ಲ.

ಸರಳ ಬದುಕಿನ ಉಪದೇಶ ಮಾಡೋರು ಹೆಚ್ಚಾಗಿದ್ದಾರೆ. ಪ್ಲಾಸ್ಟಿಕ್ ಬಿಡಿ, ಬಟ್ಟೆ ಚೀಲ ಹಿಡೀರಿ, ಬೇಕರಿ ತಿಂಡಿ ಬಿಟ್ಟು ಮನೇಲೇ ಬೇಯಿಸಿ, ಹಳೇದನ್ನ ಎಸೀಬೇಡಿ. ಮಾತೇನೋ ಸರಿ, ನನಗೂ ಒಪ್ಪಿಗೆಯೇ. ಆದರೆ ಆ ಚೀಲ ಹೊಲಿಯೋರು ಯಾರು ಸ್ವಾಮಿ? ಹಳೇ ಪ್ಯಾಂಟಿನ ಹೊಲಿಗೆ ಬಿಚ್ಚಿ, ಜಿಪ್ ಕಿತ್ತು, ಅಳತೆ ಹಾಕಿ ಕತ್ತರಿಸಿ, ಮಷಿನ್ ಮುಂದೆ ಕೂರೋಳು ಒಬ್ಬಳು. ಚೀಲ ಹೆಗಲಿಗೇರಿಸಿ ಫೋಟೋ ತೆಗೆಸಿಕೊಳ್ಳೋರು ಇನ್ನೊಬ್ಬರು.

ಕೌದಿಯನ್ನೇ ತಗೊಳ್ಳಿ. ನಮ್ಮ ಧಾರವಾಡ ಕಡೆ ಕೌದಿ ಇಲ್ಲದ ಮನೆ ಅಪರೂಪ. ಕೂಸಿನ ಹಾಸಿಗೆಯಿಂದ ಮುದುಕರ ಹೊದಿಕೆತನಕ ಅದೇ. ನೋಡೋಕೆ ಸರಳ. ಮಾಡೋಕೆ? ಬಟ್ಟೆಯೆಲ್ಲ ಒಗೆದು ಒಣಗಿಸಬೇಕು. ಗುಂಡಿ, ಕಾಲರ್ ಕತ್ತರಿಸಿ ತೆಗೀಬೇಕು. ಗಟ್ಟಿ ಇರೋ ಸೀರೆ ತಳಕ್ಕೆ, ಸವೆದ ಧೋತರ ನಡುವೆ, ಬಣ್ಣ ಉಳಿದಿರೋ ತುಂಡು ಮೇಲಕ್ಕೆ. ನೆಲದ ಮೇಲೆ ಹಾಸಿ, ಸುಕ್ಕು ಬೀಳದ ಹಾಗೆ ಎಳೆದು, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಸಾಲಿಗೂ ಸಾಲಿಗೂ ಬೆರಳಗಲ. ನಾಲ್ಕೈದು ಪದರ ದಾಟಿಸಿ ಸೂಜಿ ಎಳೆಯೋಷ್ಟರಲ್ಲಿ ಬೆರಳ ತುದಿ ಜಡ್ಡುಗಟ್ಟಿರುತ್ತೆ. ನಮ್ಮತ್ತೆಗೆ ಒಂದು ದೊಡ್ಡ ಕೌದಿ ಮುಗಿಸೋಕೆ ಇಪ್ಪತ್ತೈದು ಮಧ್ಯಾಹ್ನ ಬೇಕು, ದಿನಕ್ಕೆ ಎರಡು ತಾಸು. ಒಟ್ಟು ಐವತ್ತು ತಾಸು. ಆಫೀಸಿನ ಲೆಕ್ಕದಲ್ಲಿ ಒಂದು ವಾರದ ಪಗಾರ.

ಮನೆ ಮನೆಗೆ ಬಂದು ಕೌದಿ ಹೊಲಿದುಕೊಡೋ ಹೆಂಗಸರೂ ಇದ್ದಾರೆ. ಅವರ ಜೊತೆ ನಮ್ಮ ಓಣಿಯವರು ಚೌಕಾಸಿ ಮಾಡೋದನ್ನ ಕೇಳಬೇಕು ನೀವು. “ಅರಿವಿ ನಮ್ಮವ, ದಾರ ನಮ್ದು. ನಿಂದೇನೈತಿ ಇದರಾಗ?” ಎಂಥಾ ಪ್ರಶ್ನೆ ನೋಡಿ! ಅಷ್ಟು ಹೊತ್ತು ನೆಲದ ಮೇಲೆ ಬಾಗಿದ ಬೆನ್ನು ಯಾರದು, ಮತ್ತೆ?

ನಾನು ಕೇಕ್ ಮಾಡಿ ಮಾರ್ತೀನಿ. ಶುರು ಮಾಡಿದ್ದು ಕುಕ್ಕರಿನಲ್ಲಿ. ಗ್ಯಾಸ್ಕೆಟ್, ಸೀಟಿ ತೆಗೆದು, ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು. ಈಗ ಪುಟ್ಟದೊಂದು ಒವನ್ ಇದೆ. ನನಗೂ ಅದೇ ಪ್ರಶ್ನೆ ಬರುತ್ತೆ. “ಏನವಾ, ಮನ್ಯಾಗ ಮಾಡೂದಕ್ಕ ಇಷ್ಟ್ಯಾಕ ರೇಟು? ಮೈದಾ, ಸಕ್ಕರಿ ರೇಟು ನಮಗ ಗೊತ್ತಿಲ್ಲೇನು?” ಗೊತ್ತಿದೆ, ಅದಷ್ಟೇ ಗೊತ್ತಿದೆ. ಬೆಣ್ಣೆ ಸಕ್ಕರೆ ನೊರೆ ಬರೋತನಕ ತಿರುವಿದ್ದು, ಬೆಂದ ಮೇಲೆ ಪೂರ್ತಿ ಆರೋತನಕ ಕಾದಿದ್ದು, ನಡುವೆ ಕರೆಂಟ್ ಹೋದಾಗ ಇಡೀ ಹಿಟ್ಟು ಕೈಬಿಟ್ಟಿದ್ದು, ರಾತ್ರಿ ಹನ್ನೊಂದಕ್ಕೆ ಜಿಡ್ಡಿನ ಪಾತ್ರೆ ತಿಕ್ಕಿದ್ದು ಯಾವ ರೇಟಿನಲ್ಲೂ ಇಲ್ಲ. ಮನೆಯಿಂದ ಆಹಾರ ಮಾಡಿ ಮಾರೋರೂ ಎಫ್ಎಸ್ಎಸ್ಎಐ ನೋಂದಣಿ ಮಾಡಿಸಬೇಕು. ಅಂದರೆ ಸರ್ಕಾರದ ಕಣ್ಣಲ್ಲಿ ನಾನು ಆಹಾರ ಉದ್ದಿಮೆ ನಡೆಸೋಳು, ನೆಂಟರ ಕಣ್ಣಲ್ಲಿ ಟೈಮ್‌ಪಾಸ್ ಮಾಡೋಳು.

ಇದು ನಮ್ಮ ಓಣಿಯ ಮಾತಷ್ಟೇ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಇಡೀ ದೇಶದಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡ್ತಾರೆ ಅಂತ ಬಂತು. 97 ಪರವಾಗಿಲ್ಲ ಅನ್ನಬೇಡಿ. ಅದು ಆ ದಿನ ಮನೆಗೆಲಸ ಮುಟ್ಟಿದ ಗಂಡಸರ ಸರಾಸರಿ ಮಾತ್ರ. ಮುಟ್ಟಿದವರು ನೂರಕ್ಕೆ 26 ಜನ. ಹೆಂಗಸರು 81.

ಸತ್ತ ಮೇಲಾದರೂ ಲೆಕ್ಕಕ್ಕೆ ಬರ್ತೀವಾ? 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಪಟ್ಟಿಯೊಂದು, ಅಪಘಾತದಲ್ಲಿ ಹೋದ, ದುಡಿಮೆಯಿಲ್ಲದ ಹೆಂಡತಿಯ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಅಂತ ಹಿಡಿಯುತ್ತಿತ್ತು. ಅಂದರೆ ಗುಮಾಸ್ತನ ಹೆಂಡತಿ ಲಟ್ಟಿಸಿದ ಚಪಾತಿ ಅಗ್ಗ, ಆಫೀಸರನ ಹೆಂಡತಿಯದು ತುಟ್ಟಿ! 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಆ 299 ನಿಮಿಷದ ಲೆಕ್ಕವನ್ನೇ ಎತ್ತಿಕೊಂಡು, ಗೃಹಿಣಿಯ ದುಡಿಮೆಗೂ ಆದಾಯ ಅಂತ ಒಂದು ಹಿಡಿಯಬೇಕು ಎಂದಿತು. ಒಳ್ಳೇದು. ಬದುಕಿರೋರ ವಿಷಯ ಯಾವಾಗ?

ಇದಕ್ಕೆಲ್ಲ ಒಂದೇ ಉತ್ತರ ರೆಡಿ ಇರುತ್ತೆ: ‘ಪ್ರೀತಿಯಿಂದ ಮಾಡೋದಕ್ಕೆ ಬೆಲೆ ಕಟ್ಟಬಾರದು.’ ಪ್ರೀತಿ ನನಗೂ ಇದೆ. ಕೇಕ್ ಉಬ್ಬಿ ಬಂದಾಗ ಈಗಲೂ ಖುಷಿಯಾಗುತ್ತೆ. ಹಾಡೋದು ಇಷ್ಟ ಅಂತ ಗಾಯಕರಿಗೆ ಸಂಭಾವನೆ ಕೊಡದೆ ಕಳಿಸ್ತೀರಾ? ಪಾಠ ಮಾಡೋದರಲ್ಲಿ ಸುಖ ಇದೆ ಅಂತ ಮೇಷ್ಟ್ರ ಸಂಬಳ ಹಿಡೀತೀರಾ? ಇಲ್ಲ. ಪ್ರೀತಿಯ ಹೆಸರಲ್ಲಿ ಬಿಟ್ಟಿ ಕೇಳೋದು ಅಡುಗೆಮನೆಯವಳ ಹತ್ತಿರ ಮಾತ್ರ. ಮನೆಯವರಿಗೆ ಮಾಡಿದ್ದಕ್ಕೆ ಬಿಲ್ ಕೊಡಿ ಅಂತಿಲ್ಲ ನಾನು. ಅಲ್ಲಿ ಕೂಲಿ ಬೇಡ, ಕೈ ಬೇಕು. ಸರಳ ಬದುಕು ಬೇಕಾದೋರು ಪಾತ್ರೆ ತಿಕ್ಕೋಕೆ ಬರಲಿ, ಸೂಜಿಗೆ ದಾರ ಪೋಣಿಸಲಿ. ಹೊರಗಿನೋರು ಮಾಡಿಸಿಕೊಂಡರೆ ತಾಸಿನ ಲೆಕ್ಕದಲ್ಲಿ ಕೊಡಲಿ.

ಮೊನ್ನೆ ದೂರದ ನೆಂಟರೊಬ್ಬರು ಅತ್ತೆಯ ಕೌದಿ ಕೇಳಿದರು. ತಾಸಿಗೆ 80ರಂತೆ ಐವತ್ತು ತಾಸಿಗೆ 4,000 ಅಂತ ನಾನೇ ಹೇಳಿದೆ. “ಅಯ್ಯ, ಅಷ್ಟು ಕೊಟ್ರ ಅಂಗಡ್ಯಾಗ ಚಲೋ ರಜಾಯಿನ ಬರ್ತದಲ್ಲ!” ಅಂದರು.

“ಬರ್ತದ, ತಗೋರಿ,” ಅಂದರು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.