ಹಿಡಿಯುವುದನ್ನು ಕಲಿಸುವವರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಸುಲಿದ ತೆಂಗಿನಕಾಯಿಯಂತೆ ಎರಡು ತುದಿಯಲ್ಲೂ ಚೂಪು. ಒಬ್ಬನು ಅದನ್ನು ದೂರಕ್ಕೆ ಎಸೆಯುತ್ತಾನೆ. ಅಂಚಿನಲ್ಲಿ ನಿಂತಿದ್ದ ಇನ್ನೊಬ್ಬನು ಎದುರಾಳಿಯನ್ನು ತಪ್ಪಿಸಿ ಓಡಿಹೋಗಿ, ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು. ಹೀಗೆ ಹಿಡಿಯುವವನಿಗೆ ಅಲ್ಲಿ ‘ವೈಡ್ ರಿಸೀವರ್’ ಎಂದು ಹೆಸರು. ವಿಶೇಷವೆಂದರೆ, ಅಲ್ಲಿಯ ಕಾಲೇಜುಗಳು ಈ ಹಿಡಿಯುವವರಿಗಾಗಿಯೇ ಒಬ್ಬ ಪ್ರತ್ಯೇಕ ಗುರುವನ್ನು ನೇಮಿಸಿಕೊಳ್ಳುತ್ತವೆ. ಎಸೆಯುವವನಿಗೆ ಬೇರೆ ಗುರು, ಅಡ್ಡಗಟ್ಟುವವರಿಗೆ ಬೇರೆ ಗುರು. 2018ರಲ್ಲಿ ದೊಡ್ಡ ಕಾಲೇಜುಗಳಿಗೆ ಮುಖ್ಯ ತರಬೇತುದಾರನ ಕೆಳಗೆ ಹತ್ತು ಮಂದಿ ಸಹಾಯಕರನ್ನು ಇಟ್ಟುಕೊಳ್ಳಲು ಅನುಮತಿ ದೊರೆಯಿತು. ಒಂದೇ ಆಟಕ್ಕೆ ಹನ್ನೊಂದು ಮಂದಿ ಮೇಷ್ಟರು! ನಮ್ಮಂಥ ಸರಕಾರಿ ಕಾಲೇಜಿನಲ್ಲಾದರೋ ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ, ನೆಗೆತ ಎಲ್ಲಕ್ಕೂ ಸೇರಿ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರಿದ್ದರೆ ಅದೇ ಭಾಗ್ಯ.

ಇದು ಸಿರಿವಂತರ ದುಂದುಗಾರಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ಆ ಗುರು ಕಲಿಸುವುದೇನೆಂದು ಸ್ವಲ್ಪ ನೋಡೋಣ. ಎದೆಗಿಂತ ಮೇಲೆ ಬಂದ ಚೆಂಡಿಗೆ ಎರಡು ಹೆಬ್ಬೆರಳುಗಳು ಹತ್ತಿರವಾಗಬೇಕು. ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಕೂಡಬೇಕು. ಚೆಂಡನ್ನು ಎದೆಗೆ ಬಡಿಸಿಕೊಳ್ಳದೆ ಕೈ ಮುಂದೆ ಚಾಚಿ ಹಿಡಿಯಬೇಕು. ಅದು ಅಂಗೈಗೆ ಬಂದು ಕೂತದ್ದನ್ನು ಕಣ್ಣು ಕಂಡ ಮೇಲೆಯೇ ಓಡಲು ತಿರುಗಬೇಕು. ಹಿಡಿಯುವ ಮುನ್ನವೇ ಓಡುವ ಆತುರಕ್ಕೆ ಬಿದ್ದವನ ಕೈಯಿಂದ ಚೆಂಡು ಜಾರುತ್ತದೆ. ಕೇಳಲು ಇಷ್ಟೇ. ಸಾವಿರಾರು ಸಲ ಮಾಡಿಸಿದರೆ ಮಾತ್ರ ಮೈಗೆ ಹತ್ತುವ ವಿದ್ಯೆ ಇದು. ಐದು ಆಟಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದವರು ಒಬ್ಬ ಹುಡುಗನ ಬೆರಳುಗಳನ್ನು ಸಾವಿರ ಸಲ ಯಾವಾಗ ನೋಡಿಯಾರು?

ಈ ವೃತ್ತಿಯ ಬದುಕು ಹೇಗಿರುತ್ತದೆಂಬುದಕ್ಕೆ ಡಾಬೊ ಸ್ವೀನಿ ಎಂಬವರ ಕಥೆ ಒಳ್ಳೆಯ ನಿದರ್ಶನ. ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೆ ಯಾರೂ ಕರೆಯದೆ ತಾವಾಗಿಯೇ ಹೋಗಿ ಸೇರಿಕೊಂಡ ವಿದ್ಯಾರ್ಥಿ ಅವರು. ಓದು ಮುಗಿದ ಬಳಿಕ ಅಲ್ಲಿಯೇ ಕಿರಿಯ ಸಹಾಯಕರಾಗಿ, ಆಮೇಲೆ ಹಿಡಿಯುವವರ ಗುರುವಾಗಿ ದುಡಿದರು. 2000ದಲ್ಲಿ ತಂಡ ಸೋತು ಸೊರಗಿತು. ಮುಖ್ಯ ತರಬೇತುದಾರರ ಜೊತೆಗೆ ಸಹಾಯಕರಿಗೂ ಕೆಲಸ ಹೋಯಿತು. ಮುಂದಿನ ಎರಡು ವರ್ಷ ಸ್ವೀನಿ ಜಮೀನು-ಕಟ್ಟಡಗಳ ವ್ಯಾಪಾರದ ಕಂಪನಿಯಲ್ಲಿ ನೌಕರಿ ಮಾಡಿದರು. 2003ರಲ್ಲಿ ದಕ್ಷಿಣ ಕೆರೊಲೈನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ ಮತ್ತೆ ಹಿಡಿಯುವವರ ಗುರುವಾಗಿಯೇ ಕರೆಯಿತು. 2008ರ ಅಕ್ಟೋಬರಿನಲ್ಲಿ ಅಲ್ಲಿಯ ಮುಖ್ಯಸ್ಥರು ನಡುವೆಯೇ ಹುದ್ದೆ ಬಿಟ್ಟಾಗ ತಾತ್ಕಾಲಿಕವಾಗಿ ಇವರನ್ನು ಕೂರಿಸಿದರು. ತಾತ್ಕಾಲಿಕವಾಗಿ ಕೂತವರು 2016 ಮತ್ತು 2018ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಎರಡು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಅವರ ಹಳೆಯ ಅಲಬಾಮಾ! ಎಲ್ಲರ ಕಥೆಯೂ ಹೀಗೆ ಸುಖಾಂತವಾಗುವುದಿಲ್ಲ, ನಿಜ. ತನ್ನ ಕೆಲಸ ಎಷ್ಟು ಚೆನ್ನಾಗಿದ್ದರೂ ಮೇಲಿನವನು ಬಿದ್ದರೆ ತಾನೂ ಬೀಳುವ ಹುದ್ದೆ ಇದು.

ಅಷ್ಟು ದೂರ ಹೋಗುವುದೇಕೆ? ಮೈಸೂರಿನಲ್ಲಿ ಹುಟ್ಟಿದ ಆರ್. ಶ್ರೀಧರ್ ಅವರನ್ನು ತೆಗೆದುಕೊಳ್ಳಿ. ಹೈದರಾಬಾದ್ ಪರವಾಗಿ ರಣಜಿ ಪಂದ್ಯಗಳಲ್ಲಿ ಎಡಗೈ ಸ್ಪಿನ್ ಬೌಲಿಂಗ್ ಮಾಡಿದ ಇವರು ಭಾರತದ ಪರವಾಗಿ ಒಮ್ಮೆಯೂ ಆಡಲಿಲ್ಲ. ಆದರೂ 2014ರಿಂದ 2021ರವರೆಗೆ ಭಾರತ ತಂಡದ ಫೀಲ್ಡಿಂಗ್ ತರಬೇತುದಾರರಾಗಿದ್ದರು. ಆ ಅವಧಿಯಲ್ಲಿ ಡಂಕನ್ ಫ್ಲೆಚರ್ ಹೋಗಿ ನಮ್ಮ ಅನಿಲ್ ಕುಂಬ್ಳೆ ಬಂದರು; ಕುಂಬ್ಳೆ ಹೋಗಿ ರವಿ ಶಾಸ್ತ್ರಿ ಬಂದರು. ಕ್ಯಾಚ್ ಕಲಿಸುವವರು ಮಾತ್ರ ಬದಲಾಗಲಿಲ್ಲ. 2019ರಲ್ಲಿ ಆ ಹುದ್ದೆಗೆ ಹೊಸದಾಗಿ ಅರ್ಜಿ ಕರೆದಾಗ ದಕ್ಷಿಣ ಆಫ್ರಿಕದ ಜಾಂಟಿ ರೋಡ್ಸ್ ಕೂಡ ಅರ್ಜಿ ಹಾಕಿದ್ದರು. ಗಾಳಿಯಲ್ಲಿ ಹಾರಿ ಚೆಂಡು ಹಿಡಿಯುವುದೆಂದರೆ ಇಂದಿಗೂ ಜನರ ಬಾಯಲ್ಲಿ ಬರುವ ಹೆಸರು ಅದು. ಆಯ್ಕೆಗಾರರು ಶ್ರೀಧರರನ್ನೇ ಉಳಿಸಿಕೊಂಡರು. ತಾನು ಹಿಡಿಯುವುದು ಬೇರೆ, ಇನ್ನೊಬ್ಬನ ಕೈಯಲ್ಲಿ ಹಿಡಿಸುವುದು ಬೇರೆ ಎಂಬುದನ್ನು ಆ ನಿರ್ಣಯ ಒಪ್ಪಿಕೊಂಡಂತಾಯಿತು ಎಂದು ನನ್ನ ಭಾವನೆ. ಒಳ್ಳೆಯ ವಿದ್ವಾಂಸರೆಲ್ಲ ಒಳ್ಳೆಯ ಅಧ್ಯಾಪಕರೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ಈ ಸಂಚಿಕೆಯನ್ನು ಅಧ್ಯಾಪಕರೂ ಓದುತ್ತಾರೆ.

ಶ್ರೀಧರರ ನಂತರ ಬಂದವರು ಟಿ. ದಿಲೀಪ್; ಪ್ರಥಮ ದರ್ಜೆಯ ಕ್ರಿಕೆಟನ್ನೂ ಆಡದವರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯ ಎಲ್ಲರಿಗೂ ನೆನಪಿರಬೇಕು. ಕೊನೆಯ ಓವರಿನ ಮೊದಲ ಚೆಂಡನ್ನು ಮಿಲ್ಲರ್ ಬೌಂಡರಿಯ ಕಡೆಗೆ ಎತ್ತಿ ಹೊಡೆದರು. ಸೂರ್ಯಕುಮಾರ್ ಯಾದವ್ ಓಡಿಬಂದು ಹಿಡಿದು, ಗೆರೆ ದಾಟುವ ಮುನ್ನ ಚೆಂಡನ್ನು ಮೇಲಕ್ಕೆಸೆದು, ಹೊರಗೆ ಹೆಜ್ಜೆಯಿಟ್ಟು, ಮರಳಿ ಒಳಗೆ ಬಂದು ಮತ್ತೆ ಹಿಡಿದರು. ಭಾರತ ಗೆದ್ದದ್ದು 7 ರನ್ನುಗಳಿಂದ. ಆ ಕ್ಯಾಚಿನ ಚಿತ್ರ ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಅಂಥ ಕ್ಯಾಚುಗಳನ್ನು ಅಭ್ಯಾಸದಲ್ಲಿ ದಿನವೂ ಹಿಡಿಸುತ್ತಿದ್ದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ದೇಶ ಗುರುಗಳನ್ನು ಪೂರ್ತಿಯಾಗಿ ಮರೆತಿಲ್ಲ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದಾಗ ಮೊದಲ ಸಾಲಿನಲ್ಲೇ ಪಿ. ಟಿ. ಉಷಾ ಅವರ ಗುರು ಓ. ಎಂ. ನಂಬಿಯಾರರಿಗೆ ಅದು ಸಂದಿತು. (ಹಿಡಿಯಲು ಕಲಿಸುವವರಿಗೆ ಶಿಷ್ಯನ ಹೆಬ್ಬೆರಳನ್ನೇ ಕೇಳಿದ ಗುರುವಿನ ಹೆಸರಿನ ಪ್ರಶಸ್ತಿಯನ್ನು ಇಟ್ಟವರು ಯಾರೋ, ಅವರ ವಿನೋದಬುದ್ಧಿಗೆ ನಮಸ್ಕಾರ.) ಆದರೆ ಪ್ರಶಸ್ತಿ ಬರುವುದು ಶಿಖರ ಮುಟ್ಟಿದ ಮೇಲೆ. ತಳದಲ್ಲಿ ಗುರು ಬೇಡವೆ?

ಸಿರುಗುಪ್ಪದ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ, ಕುರುಗೋಡಿನ ಗುಡ್ಡಗಳ ಬುಡದ ಬಯಲಿನಲ್ಲಿ ಕಬಡ್ಡಿ ಆಡಿ ಬೆಳೆದ ಹುಡುಗರು ನಮ್ಮಲ್ಲಿ ಅನೇಕರು. ಕಬಡ್ಡಿಯೂ ಹಿಡಿಯುವ ಆಟವೇ. ಪಾದದ ಹಿಡಿ, ತೊಡೆಯ ಹಿಡಿ, ಕೈಗೆ ಕೈ ಸೇರಿಸಿದ ಸರಪಳಿ, ಇವೆಲ್ಲಕ್ಕೂ ಕ್ರಮವುಂಟು. ಹೊತ್ತು ತಪ್ಪಿ ಹಾರಿದವನು ಅಂಕವನ್ನೂ ಕಳೆಯುತ್ತಾನೆ, ಮೊಣಕಾಲನ್ನೂ ಕಳೆದುಕೊಳ್ಳುತ್ತಾನೆ. ಇದನ್ನು ನಾವು ಕಲಿತದ್ದು ಅಣ್ಣಂದಿರನ್ನು ನೋಡಿ, ಬಿದ್ದು, ಎದ್ದು. ಇದೇ ಜಿಲ್ಲೆಯ ತೋರಣಗಲ್ಲಿನ ಬಳಿ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ಕುಸ್ತಿಗೆ, ಬಾಕ್ಸಿಂಗ್‌ಗೆ, ಜೂಡೋಗೆ ಅಲ್ಲಿ ಬೇರೆ ಬೇರೆ ಗುರುಗಳಿದ್ದಾರೆ. ಖಾಸಗಿ ಹಣದಿಂದ ಆಯ್ದ ಕೆಲವರಿಗೆ ಸಾಧ್ಯವಾದದ್ದರ ಒಂದು ತುಣುಕಾದರೂ ಸರಕಾರದ ಹಣದಿಂದ ನಮ್ಮಂಥವರಿಗೆ ಏಕೆ ಸಾಧ್ಯವಾಗಬಾರದು?

ಇನ್ನೊಂದು ಮಾತು. ನಮ್ಮಲ್ಲಿ ಬಹುಮಂದಿ ಮನೆತನದಲ್ಲೇ ಮೊದಲ ಪದವೀಧರರಾಗುವವರು. ಬಿ.ಎ. ಆದ ಮೇಲೆ ಏನು ಎಂದು ಅಪ್ಪ ಕೇಳಿದರೆ ನಮ್ಮ ಬಾಯಲ್ಲಿ ಬರುವುದು ಮೂರು ಉತ್ತರ: ಬಿ.ಇಡಿ., ಪೊಲೀಸ್, ಕೆ.ಪಿ.ಎಸ್.ಸಿ. ‘ಆಟ ಕಲಿಸುತ್ತೇನೆ’ ಎಂದರೆ ಅಪ್ಪ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆ ಬೈಗುಳಕ್ಕಿಂತ ಭಾರ. ಅವನದು ತಪ್ಪೆನ್ನಲಾರೆ. ಸ್ವೀನಿಗಾದರೆ ಎರಡು ವರ್ಷ ವ್ಯಾಪಾರದ ಕಂಪನಿಯ ಆಸರೆ ಸಿಕ್ಕಿತು. ಸಾಲ ಮಾಡಿ ಓದಿಸಿದ ರೈತನ ಮಗನಿಗೆ ಯಾವ ಆಸರೆ? ಪಟಿಯಾಲದಲ್ಲಿ 1961ರಿಂದ ತರಬೇತುದಾರರನ್ನು ತಯಾರಿಸುವ ಸಂಸ್ಥೆಯಿದೆ. ಕಲಿಯುವ ದಾರಿ ಮುಚ್ಚಿಲ್ಲ. ಕಲಿತು ಬಂದವನಿಗೆ ಊರಿನಲ್ಲಿ ಕುರ್ಚಿಯಿಲ್ಲ, ಅಷ್ಟೆ.

ಹನ್ನೊಂದು ಮಂದಿ ಬೇಡ. ಪ್ರತಿ ತಾಲ್ಲೂಕಿಗೆ ಒಂದೇ ಆಟವನ್ನು ಆರಿಸಿ, ಅದಕ್ಕೊಬ್ಬ ಖಾಯಂ ಗುರುವನ್ನು ಕೊಡಲಿ. ಸಿರುಗುಪ್ಪಕ್ಕೂ ಕುರುಗೋಡಿಗೂ ಕಬಡ್ಡಿಯಿಂದಲೇ ಆರಂಭಿಸಬಹುದು. ಆತ ಬೆಳಿಗ್ಗೆ ಪ್ರೌಢಶಾಲೆಯಲ್ಲಿಯೂ ಸಂಜೆ ಕಾಲೇಜಿನಲ್ಲಿಯೂ ಕಲಿಸಲಿ. ಸಂಬಳ ಪ್ರತಿ ತಿಂಗಳೂ ಬರಲಿ. ತಂಡ ಸೋತ ವರ್ಷವೂ ಬರಲಿ.