ಗೊರೆ ಹಬ್ಬದ ಸಗಣಿ ಕಲಿಸುವ ವಿಜ್ಞಾನ

ದೀಪಾವಳಿಯ ಬೆನ್ನಲ್ಲೇ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಗೊರೆ ಹಬ್ಬ ನಡೆಯುತ್ತದೆ. ಊರಿನ ಕೊಟ್ಟಿಗೆಗಳಿಂದ ತಂದ ಸಗಣಿಯನ್ನು ಬೀರೇಶ್ವರ ದೇವಾಲಯದ ಬಳಿ ರಾಶಿ ಹಾಕುತ್ತಾರೆ. ಪೂಜೆ ಮುಗಿದೊಡನೆ ಗಂಡಸರೂ ಹುಡುಗರೂ ಅದನ್ನು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದು ನಲಿಯುತ್ತಾರೆ. ಆಮೇಲೆ ಆ ಸಗಣಿ ಗೊಬ್ಬರವಾಗಿ ಹೊಲ ಸೇರುತ್ತದೆ. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಶಾಲೆಯ ಪುಸ್ತಕ ಹೇಳುವ ಎರಡೂ ಸಂಗತಿಗಳು ಈ ಒಂದೇ ವಸ್ತುವಿನಲ್ಲಿ ಕಾಣಸಿಗುತ್ತವೆ.

ರಾಶಿಯಿಂದ ಉಂಡೆಯಾದಾಗ ಸಗಣಿಯ ಆಕಾರವಷ್ಟೇ ಬದಲಾಯಿತು. ಬಿಸಿಲಿಗೆ ಒಣಗಿದಾಗಲೂ ಮುಖ್ಯವಾಗಿ ನಡೆಯುವುದು ನೀರು ಆವಿಯಾಗಿ ಹೋಗುವ ಕ್ರಿಯೆಯೇ. ಹಸಿ ಸಗಣಿಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರಿರುವುದರಿಂದ ಒಣಗಿದ ಬೆರಣಿ ಅಷ್ಟು ಹಗುರ. ಆವಿಯಾಗಿ ಹೋದದ್ದೂ ನೀರೇ, ಉಳಿದದ್ದೂ ಮೊದಲಿದ್ದ ಪದಾರ್ಥವೇ. ಇದು ಭೌತ ಬದಲಾವಣೆ.

ಅದೇ ಬೆರಣಿಯನ್ನು ಒಲೆಗೆ ಹಾಕಿದರೆ ಕಥೆ ಬೇರೆ. ಅದರಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಶಾಖವೂ ಬೆಳಕೂ ಹೊರಬೀಳುತ್ತವೆ. ಕೊನೆಗೆ ಹಿಡಿ ಬೂದಿ ಉಳಿಯುತ್ತದೆ. ಬೂದಿಗೆ ಎಷ್ಟು ನೀರು ಸುರಿದರೂ ಅದು ಸಗಣಿಯಾಗದು. ಹೊಸ ವಸ್ತುಗಳು ಹುಟ್ಟಿದ್ದರಿಂದ ಇದು ರಾಸಾಯನಿಕ ಬದಲಾವಣೆ. ಕಡಿಮೆಯಾದ ತೂಕ ನಾಶವಾಗಲಿಲ್ಲ, ಅನಿಲವಾಗಿ ಗಾಳಿ ಸೇರಿತು. ಇಂಥ ಕ್ರಿಯೆಗಳಲ್ಲಿ ಒಟ್ಟು ತೂಕ ಬದಲಾಗದೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ಮುಚ್ಚಿದ ಪಾತ್ರೆಗಳಲ್ಲಿ ತೂಗಿ ತೋರಿಸಿದನು.

ಹಿಂದಕ್ಕೆ ತರಬಹುದಾದದ್ದು ಭೌತ, ತರಲಾಗದ್ದು ರಾಸಾಯನಿಕ ಎಂಬ ಸುಲಭ ಸೂತ್ರವನ್ನು ಅನೇಕ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಇದು ಹಲವು ಕಡೆ ಕೈಕೊಡುತ್ತದೆ. ಬೀಸಿದ ರಾಗಿ ಹಿಟ್ಟು ಮತ್ತೆ ಕಾಳಾಗದು, ಆದರೂ ಬೀಸುವಿಕೆ ಭೌತ ಬದಲಾವಣೆಯೇ. ಹಿಟ್ಟಿನಲ್ಲಿರುವುದೂ ಕಾಳಿನಲ್ಲಿದ್ದ ಪಿಷ್ಟವೇ. ಅದೇ ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿಸಿದರೆ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆಯ ರಾಗಿ ತುಸು ಸಿಹಿಯಾಗಿರುವುದು ಅದರಿಂದಲೇ. ಇದು ರಾಸಾಯನಿಕ.

ಇನ್ನೊಂದು ಸಾಕ್ಷಿ ಅರಿಸಿನದ್ದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಈರೋಡಿನ ಅರಿಸಿನ ಈ ಜಿಲ್ಲೆಯ ಹೆಮ್ಮೆ. ಅರಿಸಿನ ಬಳಿದ ಕಾಗದಕ್ಕೆ ಸಾಬೂನಿನ ನೀರು ತಾಗಿಸಿದರೆ ಅದು ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಸಾಬೂನಿನ ಕ್ಷಾರ ಅರಿಸಿನದ ವರ್ಣದ್ರವ್ಯದ ಅಣುವಿನಿಂದ ಹೈಡ್ರೋಜನ್ ಕಣವನ್ನು ಕಸಿಯುತ್ತದೆ, ನಿಂಬೆಯ ಆಮ್ಲ ಅದನ್ನು ಮರಳಿ ಕೊಡುತ್ತದೆ. ಬಣ್ಣ ಹಿಂದಿರುಗಿದರೂ ಇದು ರಾಸಾಯನಿಕ ಬದಲಾವಣೆಯೇ. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತೇ? ಬಣ್ಣ, ವಾಸನೆ, ಶಾಖ, ಗುಳ್ಳೆ ಇವೆಲ್ಲ ಸುಳಿವುಗಳು ಮಾತ್ರ.

ಈ ಪ್ರಶ್ನೆ ಪರೀಕ್ಷೆಯ ಅಂಕಕ್ಕಷ್ಟೇ ಸೀಮಿತವಲ್ಲ, ಬೇಸಾಯಗಾರನ ಮನೆಗೂ ಮುಖ್ಯ. ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಗಣಿಯನ್ನೂ ಕಸಕಡ್ಡಿಯನ್ನೂ ಒಡೆದು ಹೊಸ ಪದಾರ್ಥಗಳನ್ನಾಗಿಸುತ್ತಿರುವುದರ ಗುರುತು ಆ ಬಿಸಿ. ಚೆನ್ನಾಗಿ ಗಾಳಿಯಾಡುವ ರಾಶಿಯ ಒಡಲು 55 ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ಆ ಕಾವಿಗೆ ಕಳೆಯ ಬೀಜಗಳಲ್ಲಿ ಬಹುಪಾಲು ಸಾಯುತ್ತವೆ. ಹಸಿ ಸಗಣಿಯನ್ನು ಎಳೆಯ ಪೈರಿನ ಬುಡಕ್ಕೆ ಸುರಿದರೆ ಅದರಿಂದೇಳುವ ಅಮೋನಿಯಾ ಬೇರನ್ನು ಸುಡಬಹುದು, ಕಳೆಬೀಜಗಳೂ ಹೊಲ ಸೇರುತ್ತವೆ. ಒಣಗಿಸಿದ ಮಾತ್ರಕ್ಕೆ ಸಗಣಿ ಕಳಿತ ಗೊಬ್ಬರವಾಗದು, ಅದು ಕೊಳೆಯಬೇಕು.

ಸುಟ್ಟರೆ ಪೈರಿಗೆ ಬೇಕಾದ ಸಾರಜನಕದ ಬಹುಭಾಗ ಹೊಗೆಯೊಡನೆ ಹಾರಿಹೋಗಿ, ಬೂದಿಯಲ್ಲಿ ಪೊಟ್ಯಾಷ್, ಸುಣ್ಣದಂಥ ಅಂಶಗಳಷ್ಟೇ ಉಳಿಯುತ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಅಡುಗೆಗೆ ಮೀಥೇನ್ ಸಿಗುತ್ತದೆ, ಸಾರಜನಕ ಹೆಚ್ಚಾಗಿ ಬಗ್ಗಡದಲ್ಲೇ ಉಳಿದು ಹೊಲಕ್ಕೆ ಹೋಗುತ್ತದೆ. ಮೂರೂ ರಾಸಾಯನಿಕ ಬದಲಾವಣೆಗಳೇ, ಆದರೆ ಮಣ್ಣಿಗೆ ದಕ್ಕುವ ಫಲ ಬೇರೆ ಬೇರೆ.

ಒಲೆ, ತಿಪ್ಪೆ, ಬೀಸುವ ಕಲ್ಲು, ಅರಿಸಿನದ ಭರಣಿ ಇವುಗಳ ಹೆಸರು ಮಕ್ಕಳ ನಾಲಗೆಯ ಮೇಲೆ ಮೊದಲೇ ಇವೆ. ಇವುಗಳಲ್ಲಿ ನಡೆಯುವ ಬದಲಾವಣೆಗಳನ್ನು ಮಕ್ಕಳು ಎರಡು ಪಟ್ಟಿಯಾಗಿ ಬರೆಯಲಿ. ಪ್ರತಿಯೊಂದರ ಮುಂದೆ ಹೊಸದಾಗಿ ಹುಟ್ಟಿದ ವಸ್ತು ಯಾವುದೆಂದು ಹೆತ್ತವರು ಕೇಳಲಿ. ಉತ್ತರ ತೋಚದ ಕಡೆ ಶಾಲೆಯ ಪುಸ್ತಕವನ್ನು ಇಬ್ಬರೂ ಒಟ್ಟಿಗೆ ತೆರೆಯಬಹುದು.